ಕಾಲುವೆಯ ನೀರು, ಯಂತ್ರದ ಕಲಿಕೆ

ಕೇಳುಗರಿಗೆ ನಮಸ್ಕಾರ.

ಮುನಿರಾಬಾದಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರು ಎಂದು ಪತ್ರಿಕೆಯಲ್ಲಿ ಓದಿದ ಮಾತ್ರಕ್ಕೆ ರಾಯಚೂರು ಜಿಲ್ಲೆಯ ಕೊನೆ ಭಾಗದ ರೈತ ನಂಬಿ ಕೂರುವುದಿಲ್ಲ. ಕಾಲುವೆಯ ಉದ್ದ ಇನ್ನೂರು ಕಿಲೋಮೀಟರಿಗೂ ಹೆಚ್ಚು. 69ನೇ ಮೈಲಿನಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ, 104ನೇ ಮೈಲಿನಲ್ಲಿ ಎಷ್ಟಿದೆ ಎಂದು ವಿಚಾರಿಸಿದ ಮೇಲೆಯೇ ಅವನ ಲೆಕ್ಕ ಶುರುವಾಗುತ್ತದೆ. ಅದೇ ಲೆಕ್ಕವನ್ನು ಯಂತ್ರಕ್ಕೆ, ಅಂದರೆ ಕಂಪ್ಯೂಟರಿಗೆ, ಕಲಿಸಬಹುದೇ ಎಂಬುದು ಇಂದಿನ ಮಾತು.

ಈ ಗಳಿಗೆಯ ಸ್ಥಿತಿಯಿಂದ ಮುಂದಿನ ಗಳಿಗೆಯ ಸ್ಥಿತಿ ಹುಟ್ಟುತ್ತಾ ಹೋಗುವ ವ್ಯವಸ್ಥೆಗಳನ್ನು ವಿಜ್ಞಾನಿಗಳು ಗತಿಶೀಲ ವ್ಯವಸ್ಥೆಗಳು ಎನ್ನುತ್ತಾರೆ. ಶಕ್ತಿನಗರದ ವಿದ್ಯುತ್ ಸ್ಥಾವರದ ಬಾಯ್ಲರ್, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಊದುಕುಲುಮೆ, ನಮ್ಮ ಕಾಲುವೆ ಎಲ್ಲವೂ ಈ ಜಾತಿಗೆ ಸೇರಿದವು. ಕಾಲುವೆಯ ಮಟ್ಟಿಗೆ ನಿಯಮಗಳು ಹೊಸವೇನೂ ಅಲ್ಲ. ಫ್ರಾನ್ಸಿನ ಸೇಂಟ್ ವೆನಾಂ 1871ರಲ್ಲೇ ಎರಡು ಸಮೀಕರಣಗಳನ್ನು ಕೊಟ್ಟರು. ನೀರು ತಾನಾಗಿ ಹುಟ್ಟುವುದಿಲ್ಲ, ಮಾಯವೂ ಆಗುವುದಿಲ್ಲ ಎನ್ನುತ್ತದೆ ಒಂದು. ಇಳಿಜಾರು ಮತ್ತು ಆಳ ನೀರನ್ನು ಎಷ್ಟು ತಳ್ಳುತ್ತವೆ, ತಳದ ಘರ್ಷಣೆ ಎಷ್ಟು ತಡೆಯುತ್ತದೆ ಎಂದು ಲೆಕ್ಕ ಹಾಕುತ್ತದೆ ಇನ್ನೊಂದು.

ಸಮೀಕರಣ ಸರಿಯಾಗಿಯೇ ಇದೆ. ಕಾಲುವೆ ಹಾಗಿಲ್ಲ. ಎಲ್ಲಿ ಹೂಳು ತುಂಬಿದೆ, ಎಲ್ಲಿ ಜೊಂಡು ಬೆಳೆದಿದೆ, ಎಲ್ಲಿ ಲೈನಿಂಗ್ ಕಿತ್ತು ಹೋಗಿದೆ ಎಂಬುದನ್ನೆಲ್ಲ ಸಮೀಕರಣಕ್ಕೆ ಯಾರು ತಿಳಿಸಬೇಕು? ಇಲ್ಲಿಗೆ ಯಂತ್ರಕಲಿಕೆ, ಅಂದರೆ ದಾಖಲೆಯಿಂದ ಕಂಪ್ಯೂಟರು ತಾನೇ ಕಲಿಯುವ ವಿದ್ಯೆ, ಬರುತ್ತದೆ. ಹಲವು ವರ್ಷಗಳ ಗೇಜ್ ದಾಖಲೆ ಕೊಟ್ಟರೆ, ಮೇಲೆ ನೀರು ಏರಿದ ಎಷ್ಟು ಹೊತ್ತಿಗೆ ಕೆಳಗೆ ಎಷ್ಟು ಏರುತ್ತದೆ ಎಂಬುದನ್ನು ಮಿದುಳಿನ ನರಗಳ ಮಾದರಿಯಲ್ಲಿ ಹೆಣೆದ ಲೆಕ್ಕದ ಜಾಲ, ಅಂದರೆ ಕೃತಕ ನರಜಾಲ, ತಾನೇ ಪತ್ತೆ ಹಚ್ಚುತ್ತದೆ. ನೆನಪನ್ನು ಹಿಡಿದಿಟ್ಟುಕೊಳ್ಳುವ ಎಲ್‌ಎಸ್‌ಟಿಎಂ ಎಂಬ ಜಾಲ 1997ರಲ್ಲಿ ಬಂದದ್ದು. ಈಗ ನದಿಗಳ ಪ್ರವಾಹದ ಮುನ್ಸೂಚನೆಗೂ ಅದನ್ನು ಬಳಸುತ್ತಾರೆ.

ಆದರೆ ಬರೀ ದಾಖಲೆಯಿಂದ ಕಲಿತ ಯಂತ್ರವನ್ನು ನಾನು ಪೂರ್ತಿ ನಂಬುವುದಿಲ್ಲ. ನಡುವೆ ಹನಿ ಮಳೆ ಬೀಳದಿದ್ದರೂ, 69ನೇ ಮೈಲಿನಲ್ಲಿ ಹರಿದದ್ದಕ್ಕಿಂತ ಹೆಚ್ಚು ನೀರು 104ನೇ ಮೈಲಿಗೆ ಬರುತ್ತದೆ ಎಂದು ಅದು ಹೇಳಿಬಿಡಬಹುದು. ನೀರು ಹುಟ್ಟುವುದಿಲ್ಲ ಎಂದು ಅದಕ್ಕೆ ಯಾರೂ ಹೇಳಿರುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿಯನ್ನು ನೆನಪಿಸಿಕೊಳ್ಳಿ. ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಹಳೆಯ ದಾಖಲೆಯಲ್ಲಿ ಅಂಥ ಸಾಲು ಒಂದೂ ಇರಲಿಲ್ಲ; ಅದನ್ನಷ್ಟೇ ಓದಿದ ಯಂತ್ರ ಆ ರಾತ್ರಿ ಏನೋ ಒಂದು ಅಂಕಿ ಹೇಳುತ್ತಿತ್ತು, ಅದೂ ಧೈರ್ಯವಾಗಿ. ಭೌತಶಾಸ್ತ್ರಕ್ಕೆ ಆ ಕಷ್ಟವಿಲ್ಲ. ಗೇಟಿಲ್ಲದ ಕಿಂಡಿಯಲ್ಲಿ ಹರಿವು ಎಷ್ಟೆಂಬುದು ಕಿಂಡಿಯ ಅಗಲ ಮತ್ತು ಅದರ ಹೊಸ್ತಿಲ ಮೇಲೆ ನಿಂತ ನೀರಿನ ಎತ್ತರವನ್ನು ಅವಲಂಬಿಸಿದೆ. ಎತ್ತರ ಅರ್ಧಕ್ಕಿಳಿದರೆ ಹರಿವು ಅರ್ಧಕ್ಕಲ್ಲ, ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಉಳಿದ ಗೇಟುಗಳಿಂದಲೂ ನೀರು ಬಿಟ್ಟು ಮಟ್ಟ ತಗ್ಗಿಸಿದ್ದು, ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಕಿಂಡಿ ಮುಚ್ಚುವ ತಾತ್ಕಾಲಿಕ ತಡೆ, ಇಳಿಸಿದ್ದು ನಿಮಗೆ ಗೊತ್ತೇ ಇದೆ.

ಹಾಗಾದರೆ ಎರಡನ್ನೂ ಜೊತೆಗೂಡಿಸಬಹುದಲ್ಲ? ಹಾಗೆಯೇ ಮಾಡಿದರು. ರೈಸ್ಸಿ, ಪೆರ್ಡಿಕಾರಿಸ್, ಕಾರ್ನಿಯಡಾಕಿಸ್ ಎಂಬ ಮೂವರು ಸಂಶೋಧಕರು 2019ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಉತ್ತರ ದಾಖಲೆಗೆ ಹೊಂದದಿದ್ದರೂ ಯಂತ್ರಕ್ಕೆ ದಂಡ, ಪ್ರಕೃತಿ ನಿಯಮ ಮುರಿದರೂ ದಂಡ. ಇನ್ನೊಂದು ದಾರಿಯೂ ಉಂಟು: ಮುಖ್ಯ ಲೆಕ್ಕ ಸಮೀಕರಣವೇ ಮಾಡಲಿ, ಲೆಕ್ಕಕ್ಕೂ ಗೇಜಿಗೂ ಬೀಳುವ ವ್ಯತ್ಯಾಸವನ್ನಷ್ಟೇ ಯಂತ್ರ ಕಲಿಯಲಿ. ನಮ್ಮ ಕಾಲುವೆಗೆ ಇದೇ ಒಗ್ಗುತ್ತದೆ ಎಂದು ನನ್ನ ಅನಿಸಿಕೆ. ಆವಿಯಾದದ್ದು, ಇಂಗಿದ್ದು, ರಾತ್ರಿ ಪಂಪ್‌ಸೆಟ್ಟುಗಳು ಎಳೆದದ್ದು ಎಲ್ಲವೂ ಆ ವ್ಯತ್ಯಾಸದಲ್ಲೇ ಅಡಗಿವೆ. ಯಾವ ಮೈಲಿನಿಂದ ಯಾವ ಮೈಲಿನ ನಡುವೆ, ಯಾವ ಹೊತ್ತಿನಲ್ಲಿ ನೀರು ಕಡಿಮೆಯಾಗುತ್ತದೆ ಎಂದು ಯಂತ್ರ ತೋರಿಸಬಲ್ಲದು. ಯಾರ ಪಂಪು ಎಂದು ಹೇಳದು. ಅದು ಊರಿಗೇ ಗೊತ್ತಿರುವ ಸಂಗತಿ.

ಗೇಜ್ ಪುಸ್ತಕವನ್ನು ಕಾಲುವೆಗೆ ಹೋಗದೆ ತುಂಬಿಸಿದರೆ, ಯಂತ್ರ ಆ ಸುಳ್ಳನ್ನೇ ಶ್ರದ್ಧೆಯಿಂದ ಕಲಿಯುತ್ತದೆ. ಹಳೆಯ ನಿಜವೂ ಕೆಲವೊಮ್ಮೆ ಕೆಲಸಕ್ಕೆ ಬಾರದು. ಆರಂಭದಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳಿನಿಂದ ಈಗ 105ರ ಆಸುಪಾಸಿಗೆ ಇಳಿದಿದೆ. ಅದೇ ಮಟ್ಟಕ್ಕೆ ಅಷ್ಟೇ ನೀರು ಎಂಬ ಹಳೆಯ ಪಟ್ಟಿ ಈಗ ನಡೆಯುವುದಿಲ್ಲ.

ಮಳೆಯ ಮಾತು ಬೇರೆ. ಆರಂಭದ ಸಣ್ಣ ತಪ್ಪು ವಾತಾವರಣದಲ್ಲಿ ಹೇಗೆ ಬೆಳೆದು ಲೆಕ್ಕವನ್ನೇ ಕೆಡಿಸುತ್ತದೆ ಎಂಬುದನ್ನು ಎಡ್ವರ್ಡ್ ಲೊರೆಂಜ್ 1963ರಲ್ಲಿ ಮೂರೇ ಸಮೀಕರಣಗಳಲ್ಲಿ ತೋರಿಸಿದರು. 2023ರಲ್ಲಿ ಬಂದ ಗ್ರಾಫ್‌ಕಾಸ್ಟ್ ಎಂಬ ಯಂತ್ರಕಲಿಕೆಯ ಮಾದರಿ ಹತ್ತು ದಿನಗಳ ಹವಾಮಾನವನ್ನು ಒಂದು ನಿಮಿಷದೊಳಗೆ ಲೆಕ್ಕ ಹಾಕುತ್ತದೆ ನಿಜ. ಆದರೂ ಬರುವ ತಿಂಗಳು ಮಲೆನಾಡಿನಲ್ಲಿ ಯಾವ ದಿನ ಎಷ್ಟು ಮಳೆ ಎಂದು ಅದೂ ಹೇಳಲಾರದು. ಕಾಲುವೆ ಅಂಥದ್ದಲ್ಲ, ಅಲ್ಲಿ ಘರ್ಷಣೆ ಸಣ್ಣಪುಟ್ಟ ತಪ್ಪುಗಳನ್ನು ನುಂಗಿಹಾಕುತ್ತದೆ. ಮುಂಗಾರು ಮುಗಿದು, ನೀರಾವರಿ ಸಲಹಾ ಸಮಿತಿ ಎರಡನೇ ಬೆಳೆಯ ಮಾತಿಗೆ ಕೂರುವ ಹೊತ್ತಿಗೆ ಜಲಾಶಯದಲ್ಲಿ ಎಷ್ಟಿದೆ ಎಂಬುದು ಕಣ್ಣೆದುರಿಗೇ ಇರುತ್ತದೆ. ಅದರಲ್ಲಿ ಎಷ್ಟು ದಾರಿಯಲ್ಲೇ ಕರಗುತ್ತದೆ, 104ನೇ ಮೈಲಿಗೆ ಎಷ್ಟು ಮುಟ್ಟುತ್ತದೆ ಎಂಬ ಅಂದಾಜನ್ನು, ಇಷ್ಟರಿಂದ ಇಷ್ಟರೊಳಗೆ ಎಂಬ ಅಂತರದ ಸಮೇತ, ಅಂದಿನ ಸಭೆಯ ಮೇಜಿನ ಮೇಲೆ ಇಡುವುದು ಈಗಿನ ವಿದ್ಯೆಗೆ ಸಾಧ್ಯವಿರುವ ಕೆಲಸ.

ನಮಸ್ಕಾರ.