ವಿಮಾನದಲ್ಲಿ ಒಂದು ಪೆಗ್ ಹಾಕಿದರೆ ಎರಡು ಪೆಗ್ ಆಗುತ್ತಾ?

(ಸ್ಕ್ರೀನ್ ಕೆಳಗೆ ಕೊನೆವರೆಗೂ: ಮದ್ಯಪಾನ ಆರೋಗ್ಯಕ್ಕೆ ಹಾನಿಕರ)

ನಮಸ್ಕಾರ ಸ್ನೇಹಿತರೇ, ಬಳ್ಳಾರಿಯಿಂದ. ಮಾನ್ವಿಯ ಒಬ್ಬ ವೀಕ್ಷಕರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಅವರ ಮಾತಲ್ಲೇ ಕೇಳಿ.

(ಆಡಿಯೋ: "ಅಣ್ಣಾ, ನಮ್ಮ ಮಾವ ದುಬೈನಾಗ ಕೆಲ್ಸ ಮಾಡ್ತಾನ. ವಿಮಾನದಾಗ ಒಂದು ಪೆಗ್ ಹಾಕಿದ್ರ ನೆಲದ ಮ್ಯಾಲಿನ ಎರಡು ಪೆಗ್ಗಿಗೆ ಸಮ ಅಂತಾನ. ಖರೇನೋ ಸುಳ್ಳೋ, ನೀನೇ ಹೇಳು.")

ಮಾವನ ಮರ್ಯಾದೆ ಪ್ರಶ್ನೆ ಇದು. ಹುಷಾರಾಗಿ ಉತ್ತರ ಕೊಡಬೇಕು.

ಅದಕ್ಕೂ ಮೊದಲು, ತೋರಣಗಲ್ಲಿನಲ್ಲಿ ವಿಮಾನ ಹತ್ತಿ ಬೆಂಗಳೂರಿಗೆ ಹೋಗುವಾಗ ಏನಾದರೂ ಸಿಗುತ್ತಾ ಅಂತ ಆಸೆ ಇಟ್ಟುಕೊಂಡವರಿಗೆ ಒಂದು ಮಾತು. ಸಿಗಲ್ಲ. ನಮ್ಮ ದೇಶದೊಳಗೆ ಹಾರುವ ಯಾವ ವಿಮಾನದಲ್ಲೂ ಎಣ್ಣೆ ಕೊಡುವ ಹಾಗಿಲ್ಲ. ಬಿಸಿನೆಸ್ ಕ್ಲಾಸ್ ಟಿಕೆಟ್ ತಗೊಂಡರೂ ಅಷ್ಟೇ, ಜ್ಯೂಸ್ ಕುಡಿದು ಇಳಿಯಬೇಕು. ಹಾಗಾಗಿ ಇವತ್ತಿನ ಕಥೆ ಪೂರ್ತಿ ವಿದೇಶಕ್ಕೆ ಹಾರುವ ವಿಮಾನಗಳದ್ದು.

ಇತಿಹಾಸ ಬೇಗ ಮುಗಿಸೋಣ. ಒಂದು ಕಡೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ, ಯಾಕಂದ್ರೆ ಅದನ್ನು ಓದಿದಾಗಿಂದ ಯಾರಿಗಾದರೂ ಹೇಳಬೇಕು ಅಂತ ಒದ್ದಾಡುತ್ತಿದ್ದೇನೆ.

(ಹಳೆಯ ಕಪ್ಪು ಬಿಳುಪು ಫೋಟೋ: ಹಿಂಡನ್‌ಬರ್ಗ್)

1936. ಜರ್ಮನಿಯ ಹಿಂಡನ್‌ಬರ್ಗ್. ಇದು ವಿಮಾನ ಅಲ್ಲ, ವಾಯುನೌಕೆ. ಹೊಟ್ಟೆಯೊಳಗೆ ಸುಮಾರು 2 ಲಕ್ಷ ಘನ ಮೀಟರ್ ಹೈಡ್ರೋಜನ್. ಒಂದು ಕಿಡಿ ಸಾಕು, ಕಥೆ ಮುಗೀತು. ಅಂಥದ್ದರಲ್ಲಿ ಒಂದು ಬಾರ್ ಇಟ್ಟಿದ್ದರು. ಬಾರ್ ಹೋಗಲಿ ಬಿಡಿ, ಅದರ ಪಕ್ಕದಲ್ಲೇ ಸಿಗರೇಟ್ ಸೇದುವ ಕೋಣೆ! ಹೇಗೆ ಸಾಧ್ಯ ಅಂತೀರಾ? ಆ ಕೋಣೆಯೊಳಗಿನ ಗಾಳಿಯ ಒತ್ತಡವನ್ನು ಹೊರಗಿಗಿಂತ ಸ್ವಲ್ಪ ಜಾಸ್ತಿ ಇಡುತ್ತಿದ್ದರು. ಎಲ್ಲಾದರೂ ಹೈಡ್ರೋಜನ್ ಸೋರಿದರೂ ಒಳಗೆ ನುಗ್ಗಬಾರದಲ್ಲ, ಅದಕ್ಕೆ. ಬಾರಿನಿಂದ ಹೊರಗೆ ಹೋಗಬೇಕಾದರೆ ಗಾಳಿ ಆಡದ ಹಾಗೆ ಒಂದರ ಹಿಂದೆ ಒಂದು ಬಾಗಿಲು. ಹತ್ತುವಾಗಲೇ ಎಲ್ಲರ ಬೆಂಕಿಪೊಟ್ಟಣ, ಲೈಟರ್ ಇಸ್ಕೊಂಡು ಇಟ್ಟುಕೊಳ್ಳುತ್ತಿದ್ದರು. ಕೋಣೆಯಲ್ಲಿ ಇದ್ದದ್ದು ಒಂದೇ ಒಂದು ಎಲೆಕ್ಟ್ರಿಕ್ ಲೈಟರ್. ಗಿರಾಕಿ ಹೊರಗೆ ಹೋಗುವಾಗ ಕೈಯಲ್ಲಿ ಉರಿಯುವ ಸಿಗರೇಟ್ ಇಲ್ಲ ಅಂತ ನೋಡುವುದೂ ಬಾರ್‌ನವನ ಕೆಲಸ. ಯೋಚನೆ ಮಾಡಿ, ಗ್ಲಾಸ್ ತೊಳೆಯುವ ಮನುಷ್ಯನ ಮೇಲೆ ಇಡೀ ನೌಕೆಯ ಜೀವ! 1937ರ ಮೇ 6ರಂದು ಅಮೆರಿಕದಲ್ಲಿ ಇಳಿಯುವಾಗ ಹಿಂಡನ್‌ಬರ್ಗ್ ಹೊತ್ತಿ ಉರಿಯಿತು. ಅದರಲ್ಲಿ ಈ ಬಾರಿನ ತಪ್ಪೇನೂ ಇರಲಿಲ್ಲ.

ಉಳಿದ ಇತಿಹಾಸ ಓಡುತ್ತಲೇ ನೋಡೋಣ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇತ್ತು. ಬಾಯಾರಿದವರು ಪ್ಯಾನ್ ಆಮ್ ವಿಮಾನ ಹತ್ತಿ ಪಕ್ಕದ ಕ್ಯೂಬಾಕ್ಕೆ ಹೋಗಿ ಕುಡಿದು ಬರುತ್ತಿದ್ದರು. 1949ರಲ್ಲಿ ಬೋಯಿಂಗ್ ಸ್ಟ್ರಾಟೋಕ್ರೂಸರ್ ಬಂತು. ಸುರುಳಿ ಮೆಟ್ಟಿಲು ಇಳಿದರೆ ಕೆಳಗೆ ಲೌಂಜ್. 1971ರಲ್ಲಿ ನಮ್ಮ ಏರ್ ಇಂಡಿಯಾ ಮೊದಲ 747 ತಂದಿತು, ಹೆಸರು 'ಎಂಪರರ್ ಅಶೋಕ'. ಇದರಲ್ಲಿ ಲೌಂಜ್ ಇದ್ದದ್ದು ಮೇಲ್ಮಹಡಿಯಲ್ಲಿ.

ಏರ್ ಇಂಡಿಯಾ ಅಂದಮೇಲೆ ನಮ್ಮೂರಿನ ಹೆಸರು ಎತ್ತದೇ ಬಿಟ್ಟರೆ ನನಗೆ ನಿದ್ದೆ ಬರಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಬಾಂಬೆಗೆ ಪುಟ್ಟ ವಿಮಾನ ಹಾರಿಸಿಕೊಂಡು ಬಂದರಲ್ಲ, ಏರ್ ಇಂಡಿಯಾ ಹುಟ್ಟಿದ್ದೇ ಅಲ್ಲಿಂದ. ಬಾಂಬೆಯಿಂದ ಮುಂದೆ ಅದೇ ಟಪಾಲನ್ನು ನೆವಿಲ್ ವಿನ್ಸೆಂಟ್ ಮದ್ರಾಸಿಗೆ ಒಯ್ದರು. ಯಾವ ದಾರಿಯಲ್ಲಿ? ಬಳ್ಳಾರಿ ಮೇಲೆ! ಅದರಲ್ಲಿ ಬಾಟಲಿ ಇರಲಿಲ್ಲ, ಬರೀ ಕಾಗದಪತ್ರ. ಆದರೂ ಬಳ್ಳಾರಿ ಬಳ್ಳಾರಿನೇ ಅಲ್ವಾ?

ಸರಿ, ಈಗ ಮಾವನ ವಿಷಯಕ್ಕೆ ಬರೋಣ.

ವಿಮಾನ ಹಾರುವುದು 35,000 ಅಡಿ ಆಸುಪಾಸಿನಲ್ಲಿ. ಒಳಗೆ ಗಾಳಿ ತುಂಬಿ ಒತ್ತಡ ಕಾಯುತ್ತಾರೆ, ಆದರೆ ನೆಲದ ಮಟ್ಟಕ್ಕೆ ತರುವುದಿಲ್ಲ. ಹೆಚ್ಚೆಂದರೆ 8,000 ಅಡಿ ಎತ್ತರದಲ್ಲಿ ಇರುವ ಹಾಗೆ ಇಡುತ್ತಾರೆ. ಅಂದರೆ ಸುಮಾರು 2,400 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಹಾಗಾಗಿ ಸೀಟಿನಲ್ಲಿ ಕೂತವರ ದೇಹದ ಲೆಕ್ಕದಲ್ಲಿ ಅವರು ಊಟಿಗಿಂತಲೂ ಸ್ವಲ್ಪ ಮೇಲೆ ಇದ್ದಾರೆ. ಬೋಯಿಂಗ್ 787ರಂಥ ಹೊಸ ವಿಮಾನಗಳಲ್ಲಿ ಇದು 6,000 ಅಡಿಗೆ ಇಳಿದಿದೆ.

ಅಲ್ಲಿ ಕುಡಿದರೆ ರಕ್ತದಲ್ಲಿ ಆಲ್ಕೋಹಾಲ್ ಜಾಸ್ತಿ ಆಗುತ್ತಾ? ಆಗುತ್ತೆ ಅಂತಲೇ ಬಹಳ ಕಾಲ ನಂಬಿದ್ದರು. ಅಮೆರಿಕದ ವಿಮಾನಯಾನ ಇಲಾಖೆಯ ಸಂಶೋಧಕರು ಜನರಿಗೆ ಕುಡಿಸಿ, 12,500 ಅಡಿಯ ವಾತಾವರಣ ಮಾಡಿ, ಊದಿಸಿ ನೋಡಿದರು. ಟ್ರಾಫಿಕ್ ಪೊಲೀಸರು ಊದಿಸುತ್ತಾರಲ್ಲ, ಹಾಗೇ. 1988ರಲ್ಲಿ ವರದಿ ಬಂತು. ನೆಲದ ಮೇಲೂ ಎತ್ತರದಲ್ಲೂ ಮೀಟರ್ ತೋರಿಸಿದ ಅಂಕಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಪೆಗ್ ಎಲ್ಲಿ ಹಾಕಿದರೂ ಪೆಗ್ಗೇ.

ಹಾಗಾದರೆ ಮಾವ ಸೋತರಾ? ತಡೀರಿ.

(ಸ್ಕ್ರೀನ್ ಮೇಲೆ: ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್)

ಇದು ಗೊತ್ತಲ್ಲ? ಕೊರೊನಾ ಕಾಲದಲ್ಲಿ ಮನೆಮನೆಯಲ್ಲಿ ಇತ್ತು. ಬೆರಳಿಗೆ ಸಿಕ್ಕಿಸಿಕೊಂಡು ಉಸಿರು ಬಿಗಿ ಹಿಡಿದು ನೋಡುತ್ತಿದ್ದೆವು. 94ಕ್ಕಿಂತ ಕೆಳಗೆ ಬಂದರೆ ಡಾಕ್ಟರಿಗೆ ಫೋನ್. ತೋರಣಗಲ್ಲಿನ ಸ್ಟೀಲ್ ಕಾರ್ಖಾನೆಯಿಂದ ಆಕ್ಸಿಜನ್ ಟ್ಯಾಂಕರ್ ಹೊರಟರೆ ಅದೇ ಆಗ ಸುದ್ದಿ. ಆ 94 ಅನ್ನೋ ಅಂಕಿ ನೆನಪಿರಲಿ.

ಜರ್ಮನಿಯ ಕಲೋನ್‌ನಲ್ಲಿ ಬಾಹ್ಯಾಕಾಶ ಸಂಶೋಧನಾ ಕೇಂದ್ರದವರು 48 ಜನ ಆರೋಗ್ಯವಂತರನ್ನು ಆರಿಸಿಕೊಂಡರು. ವಯಸ್ಸು 18ರಿಂದ 40. ಅರ್ಧ ಜನರನ್ನು ನೆಲಮಟ್ಟದ ಕೋಣೆಯಲ್ಲಿ, ಇನ್ನರ್ಧ ಜನರನ್ನು ವಿಮಾನದಷ್ಟೇ ಒತ್ತಡ ಇಟ್ಟ ಕೋಣೆಯಲ್ಲಿ ಮಲಗಿಸಿದರು. ಮಧ್ಯರಾತ್ರಿಯಿಂದ ಬೆಳಗಿನ ಜಾವ 4ರವರೆಗೆ. ಒಂದು ರಾತ್ರಿ ಸುಮ್ನೆ, ಇನ್ನೊಂದು ರಾತ್ರಿ ಎರಡು ಕ್ಯಾನ್ ಬಿಯರಿಗೆ ಸಮನಾದ ವೋಡ್ಕಾ ಕುಡಿಸಿ. ಫಲಿತಾಂಶ 2024ರಲ್ಲಿ ಪ್ರಕಟ ಆಯಿತು.

ನೆಲದ ಮೇಲೆ, ಕುಡಿಯದೇ ಮಲಗಿದವರ ಆಕ್ಸಿಜನ್ 96. ಕುಡಿದು ಮಲಗಿದರೆ 95. ಒಂದೇ ಒಂದು ಅಂಕಿ, ಯಾರೂ ತಲೆ ಕೆಡಿಸಿಕೊಳ್ಳಲ್ಲ. ವಿಮಾನದ ಒತ್ತಡದಲ್ಲಿ ಕುಡಿಯದೇ ಮಲಗಿದರೆ 88. ಕುಡಿದು ಮಲಗಿದರೆ 85. ಎಂಬತ್ತೈದು! 4 ಗಂಟೆ ಅಂದರೆ 240 ನಿಮಿಷದಲ್ಲಿ ಸುಮಾರು 201 ನಿಮಿಷ ಆಕ್ಸಿಜನ್ 90ಕ್ಕಿಂತ ಕೆಳಗೇ ಇತ್ತು. ಎದೆಬಡಿತ ನೆಲದ ಮೇಲೆ ಕುಡಿಯದೇ ಮಲಗಿದಾಗ ನಿಮಿಷಕ್ಕೆ 64 ಇದ್ದದ್ದು, ಮೇಲೆ ಕುಡಿದು ಮಲಗಿದಾಗ 88. ಮನುಷ್ಯ ಗೊರಕೆ ಹೊಡೀತಿದ್ದಾನೆ, ಎದೆ ಮಾತ್ರ ಬಿರಬಿರನೆ ನಡೀತಿದೆ.

ಅದೇ ವೋಡ್ಕಾ, ಅದೇ ಪ್ರಮಾಣ. ಕೆಳಗೆ ಒಂದು ಅಂಕಿ ಇಳಿಸಿದ್ದು ಮೇಲೆ ಮೂರು ಇಳಿಸಿತು. ಯಾಕೆ?

ಇದನ್ನು ಮಾನ್ವಿಯವರಿಗೆ ಬೇರೆ ಯಾರೂ ವಿವರಿಸಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ನೆನಪು ಮಾಡಿಕೊಳ್ಳಿ. ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರು ಕಡೆ ಬರಬೇಕು. 227 ಕಿಲೋಮೀಟರ್. ಡ್ಯಾಮ್ ತುಂಬಿದ್ದಾಗ ಮೇಲೆ ಗೇಟನ್ನು ಒಂದು ಇಂಚು ಇಳಿಸಿದರೂ ಕೊನೆ ಭಾಗದ ರೈತನಿಗೆ ಗೊತ್ತೇ ಆಗಲ್ಲ. ಗದ್ದೆಗೆ ನೀರು ಬರ್ತಾನೇ ಇರುತ್ತೆ. ಡ್ಯಾಮಿನ ಮಟ್ಟ ಇಳಿದಾಗ ನೋಡಿ ಮಜಾ. ಅದೇ ಒಂದು ಇಂಚಿಗೆ 104ನೇ ಮೈಲಿನಲ್ಲಿ ಗೇಜ್, ಅಂದರೆ ಅಳತೆಯ ನೀರಿನ ಮಟ್ಟ, ಬೀಳುತ್ತೆ, ಉಪಕಾಲುವೆ ಒಣಗುತ್ತೆ, ರೈತರು ರಸ್ತೆಗೆ ಬಂದು ಕೂರುತ್ತಾರೆ.

ಗಾಳಿಯ ಒತ್ತಡವೇ ಡ್ಯಾಮಿನ ಮಟ್ಟ. ಇಲ್ಲೊಂದು ಗಮನಿಸಿ, ವಿಮಾನದೊಳಗೂ ಗಾಳಿಯಲ್ಲಿ ಆಕ್ಸಿಜನ್ ಪಾಲು ನೂರಕ್ಕೆ 21ರಷ್ಟೇ, ನಮ್ಮ ಕೌಲ್ ಬಜಾರಿನಲ್ಲಿ ಇದ್ದಷ್ಟೇ. ಅದನ್ನು ಶ್ವಾಸಕೋಶದಿಂದ ರಕ್ತಕ್ಕೆ ತಳ್ಳುವ ಒತ್ತಡ ಕಡಿಮೆ. ನಿದ್ದೆ ಬಂದಾಗ ಉಸಿರು ನಿಧಾನ ಆಗುತ್ತೆ, ಅದು ಗೇಟು ಸ್ವಲ್ಪ ಇಳಿದ ಹಾಗೆ. ಹೊಟ್ಟೆಗೆ ಎಣ್ಣೆ ಬಿದ್ದಿದ್ದರೆ ಇನ್ನೂ ಸ್ವಲ್ಪ ಇಳಿಯುತ್ತೆ. ಮೆದುಳು ಅನ್ನೋದು ಕೊನೆ ಭಾಗದ ರೈತ. ಹೃದಯ ಎಲ್ಲರ ಫೋನಿಗೂ ಓಡಾಡಿ ಉತ್ತರ ಕೊಡುವ ನೀರಾವರಿ ಇಂಜಿನಿಯರು, ಅದಕ್ಕೇ 88ರ ಬಡಿತ. ಬೆರಳಿನ ಕ್ಲಿಪ್ಪೇ ಗೇಜ್. ರಕ್ತದಲ್ಲಿ ಆಕ್ಸಿಜನ್ ಇಳಿಯುವ ರೀತಿಯೇ ಹೀಗೆ. ಮೊದಲು ಎಷ್ಟು ಎಳೆದರೂ ಜಗ್ಗಲ್ಲ, ಒಂದು ಹಂತ ದಾಟಿದ ಮೇಲೆ ಜಾರಿ ಬೀಳುತ್ತೆ.

(ಎಡಿಟರ್ ಕೈ ತೋರಿಸ್ತಾ ಇದ್ದಾನೆ. ಕಾಲುವೆ ಸಾಕಂತೆ. ಅವನು ಬೆಂಗಳೂರಿನವನು, ಅವನಿಗೇನು ಗೊತ್ತು.)

ಅಂದರೆ ಮಾವ ಅರ್ಧ ಗೆದ್ದರು. ಪೆಗ್ ಎರಡಾಗಲಿಲ್ಲ, ಆದರೆ ಸುಸ್ತು, ಮಂಪರು, ತಲೆಭಾರ ಎರಡು ಪೆಗ್ಗಿನಷ್ಟು ಅನ್ನಿಸಿದರೆ ಆಶ್ಚರ್ಯ ಇಲ್ಲ. ಅದರ ಜೊತೆಗೆ ರಾತ್ರಿ ನಿದ್ದೆಗೆಟ್ಟು ಏರ್‌ಪೋರ್ಟಿಗೆ ಬಂದಿರುತ್ತಾರೆ, ಊಟ ಸರಿಯಾಗಿ ಆಗಿರಲ್ಲ, ಒಳಗಿನ ಗಾಳಿ ಬೇಸಿಗೆಯ ರಾಯಚೂರಿಗಿಂತ ಒಣಗಿರುತ್ತದೆ. ಆರೋಗ್ಯವಂತರು ಎಚ್ಚರ ಇರುವಾಗ ಆಕ್ಸಿಜನ್ ಅಷ್ಟು ಕೆಳಗೆ ಹೋಗಲ್ಲ, ಗಾಬರಿ ಬೇಡ. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ಮಾತ್ರ, ದಯವಿಟ್ಟು, ಮೇಲೆ ಕುಡಿದು ಮಲಗುವ ಸಾಹಸ ಮಾಡಬೇಡಿ. ಇದು ತಮಾಷೆಯ ಮಾತಲ್ಲ.

ಸಮಯ ಓಡ್ತಿದೆ, ಉಳಿದದ್ದೆಲ್ಲ ಒಟ್ಟಿಗೆ ಹೇಳಿಬಿಡ್ತೀನಿ.

ರುಚಿ. ಲುಫ್ತಾನ್ಸಾ ವಿಮಾನಗಳಲ್ಲಿ ಟೊಮೆಟೊ ಜ್ಯೂಸ್ ಬಿಯರಿಗೆ ಸರಿಸಮನಾಗಿ ಖರ್ಚಾಗುತ್ತಿತ್ತು. ಯಾಕೆ ಅಂತ ಹುಡುಕಿದಾಗ, ಕಡಿಮೆ ಒತ್ತಡದಲ್ಲಿ ಉಪ್ಪು ಮತ್ತು ಸಿಹಿ ನಾಲಿಗೆಗೆ ಸಪ್ಪೆ ಆಗುತ್ತವೆ, ಹುಳಿ ಖಾರ ಹಾಗೇ ಉಳಿಯುತ್ತವೆ ಅಂತ ಗೊತ್ತಾಯಿತು. 2015ರ ಇನ್ನೊಂದು ಅಧ್ಯಯನದ ಪ್ರಕಾರ ಇಂಜಿನ್ನಿನಂಥ ಜೋರು ಸದ್ದು ಸಿಹಿಯನ್ನು ತಗ್ಗಿಸಿ, ಟೊಮೆಟೊದಲ್ಲಿರುವ ಉಮಾಮಿ ಅನ್ನೋ ಸಾರಿನಂಥ ಗಾಢ ರುಚಿಯನ್ನು ಎತ್ತಿ ತೋರಿಸುತ್ತೆ. ಟೊಮೆಟೊ ರಸಕ್ಕೆ ವೋಡ್ಕಾ ಬೆರೆಸಿದ ಬ್ಲಡಿ ಮೇರಿಗೆ ವಿಮಾನದಲ್ಲಿ ಅಷ್ಟು ಬೇಡಿಕೆ ಇರುವುದು ಇದಕ್ಕೇ ಇರಬಹುದು. ಆ ಲೆಕ್ಕದಲ್ಲಿ ನಮ್ಮ ಮಿರ್ಚಿ ಬಜ್ಜಿ ಮೇಲೂ ಗೆಲ್ಲಬೇಕು. ಯಾವ ಏರ್‌ಲೈನ್ಸೂ ಕೊಡಲ್ಲ, ಅವರ ಕರ್ಮ.

ಬಾಟಲಿ ತರುವುದು. ಚೆಕ್-ಇನ್ ಬ್ಯಾಗಿನಲ್ಲಿ 24ರಿಂದ 70 ಪರ್ಸೆಂಟ್ ಆಲ್ಕೋಹಾಲ್ ಇರುವುದನ್ನು ಒಬ್ಬರು 5 ಲೀಟರ್‌ವರೆಗೆ ಇಡಬಹುದು, ಅಂಗಡಿಯ ಸೀಲ್ ಒಡೆದಿರಬಾರದು. 70 ದಾಟಿದ್ದು ಬೆಂಕಿಯ ಸಾಮಾನು, ಬಿಡಲ್ಲ. ಇದು ವಿಮಾನದ ಲೆಕ್ಕ. ಕಸ್ಟಮ್ಸ್ ಲೆಕ್ಕ ಬೇರೆ, ವಿದೇಶದಿಂದ ಬರುವಾಗ ಸುಂಕ ಇಲ್ಲದೆ ತರಬಹುದಾದದ್ದು 2 ಲೀಟರ್. ಮಾವನಿಗೆ ಮೂರನೇ ಬಾಟಲಿ ತರಲು ಹೇಳುವ ಮೊದಲು ಯೋಚಿಸಿ.

ಪೈಲಟ್. ವಿಮಾನ ಹತ್ತುವ ಮೊದಲಿನ 12 ಗಂಟೆ ಒಂದು ಹನಿಯೂ ಮುಟ್ಟುವಂತಿಲ್ಲ. ಅಮೆರಿಕದಲ್ಲಿ ಇದು 8 ಗಂಟೆ. ಇಲ್ಲಿ ನಮ್ಮವರೇ ಹೆಚ್ಚು ಬಿಗಿ, ನನಗೆ ಅದು ಸರಿ ಅನ್ನಿಸುತ್ತೆ.

ಗಲಾಟೆ. 2022ರ ನವೆಂಬರಿನಲ್ಲಿ ನ್ಯೂಯಾರ್ಕ್‌–ದೆಹಲಿ ವಿಮಾನದಲ್ಲಿ ಕುಡಿದ ಪ್ರಯಾಣಿಕನೊಬ್ಬ ಸಹಪ್ರಯಾಣಿಕರ ಮೇಲೆ ಮೂತ್ರ ಮಾಡಿದ ಅನ್ನೋ ಆರೋಪ ನಿಮಗೆ ಗೊತ್ತು, ಹೆಚ್ಚು ವರ್ಣಿಸಲ್ಲ, ಊಟದ ಹೊತ್ತಿನಲ್ಲಿ ನೋಡುವವರೂ ಇದ್ದೀರಿ. ಆ ಪ್ರಕರಣದಲ್ಲಿ ಏರ್ ಇಂಡಿಯಾಕ್ಕೆ ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ 30 ಲಕ್ಷ ರೂಪಾಯಿ ದಂಡ ಹಾಕಿತು. ಪ್ರಯಾಣಿಕರಿಗೂ ಶಿಕ್ಷೆ ಇದೆ. ಬರೀ ಬಾಯಿ ಮಾಡಿದರೆ 3 ತಿಂಗಳವರೆಗೆ, ಮೈಮೇಲೆ ಕೈ ಹಾಕಿದರೆ 6 ತಿಂಗಳವರೆಗೆ, ಜೀವಕ್ಕೆ ಅಪಾಯ ತಂದರೆ ಕನಿಷ್ಠ 2 ವರ್ಷ ವಿಮಾನ ಹತ್ತುವಂತಿಲ್ಲ.

ಇನ್ನು ಸೌದಿಗೆ ಹೋಗುವ ನಮ್ಮ ಕಡೆಯವರಿಗೆ ಈ ವಿಡಿಯೋ ಪೂರ್ತಿ ದಂಡ. ಸೌದಿಯಾ, ಕುವೈತ್ ಏರ್‌ವೇಸ್ ಎರಡರಲ್ಲೂ ಎಣ್ಣೆ ಕೊಡಲ್ಲ. ಮಾನ್ವಿಯವರೇ, ಉತ್ತರವನ್ನು ಮಾವನಿಗೆ ಫಾರ್ವರ್ಡ್ ಮಾಡಿ. ಅವರು ಒಪ್ಪಲಿಲ್ಲ ಅಂದರೆ ಅವರದ್ದೇ ಒಂದು ವಾಯ್ಸ್ ಮೆಸೇಜ್ ಕಳಿಸಲಿ, ಅದನ್ನೂ ಹಾಕೋಣ.