ಎಡಗಡೆಯ ಖಾಲಿ ಪುಟ

ಗೆಳೆಯರೇ, ನಮಸ್ಕಾರ. ಫೋಟೊ ಪುಸ್ತಕ, ಸಂಗೀತ, ಸಿನಿಮಾ ಮೂರರ ಬಗ್ಗೆಯೂ ಮಾತಾಡಿ ಅಂದಿದ್ದೀರಿ. ನನಗೆ ಈ ಮೂರೂ ಒಂದೇ ಪುಸ್ತಕದಲ್ಲಿ ಸಿಕ್ಕವು. ಅದನ್ನೇ ಹಿಡಿದುಕೊಂಡು ಬಂದಿದ್ದೇನೆ. ಛಾಯಾಗ್ರಾಹಕ ರಾಬರ್ಟ್ ಫ್ರಾಂಕ್ ಅವರ ಫೋಟೊ ಪುಸ್ತಕ ‘ದಿ ಅಮೆರಿಕನ್ಸ್’.

ಫ್ರಾಂಕ್ ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಿ. 1955ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಎಂಬ ಧನಸಹಾಯ ಸಿಕ್ಕಿತು, ಹಳೇ ಕಾರು ಹತ್ತಿ ಅಮೆರಿಕ ಸುತ್ತಿದರು. ತೆಗೆದದ್ದು ಸುಮಾರು 27,000 ಚಿತ್ರ. ಪುಸ್ತಕಕ್ಕೆ ಬಂದದ್ದು 83.

ಮೊದಲ ಸಲ ನಾನು ಇದನ್ನು ಮದುವೆ ಆಲ್ಬಮ್ ನೋಡಿದ ಹಾಗೆ ತಿರುವಿ ಮುಚ್ಚಿಟ್ಟೆ. ಏನೂ ತಾಗಲಿಲ್ಲ. ಇನ್ನೊಂದು ಸಂಜೆ ಮತ್ತೆ ತೆರೆದಾಗ ಪಕ್ಕದ ಕೋಣೆಯಲ್ಲಿ ಅಕ್ಕ ಕರ್ನಾಟಕ ಸಂಗೀತದ ಒಂದು ಕೃತಿ ಹಾಡಿಕೊಳ್ಳುತ್ತಿದ್ದಳು. ಎರಡನೆಯ ಭಾಗವಾದ ಅನುಪಲ್ಲವಿ ಮುಗಿಸಿ ಮೊದಲ ಭಾಗವಾದ ಪಲ್ಲವಿಗೆ ಮರಳಿದಳು. ಅದೇ ಹೊತ್ತಿಗೆ ನನ್ನ ಪುಟದಲ್ಲೂ ಅಮೆರಿಕದ ಬಾವುಟ ಮರಳಿ ಬಂತು. ಮೊದಲ ಚಿತ್ರದಲ್ಲಿ ಅದು ಕಿಟಕಿಯಲ್ಲಿ ನಿಂತ ಹೆಂಗಸಿನ ಮುಖ ಮುಚ್ಚಿತ್ತು. ಈಗ ಭಾರಿ ದೊಡ್ಡದಾಗಿ ತೂಗುತ್ತಿದೆ, ಬಟ್ಟೆ ತೆಳು, ಅಲ್ಲಲ್ಲಿ ತೇಪೆ. ಪಲ್ಲವಿ ಮರಳುವಾಗ ಹೊಸ ಸಂಗತಿ, ಅಂದರೆ ಅದೇ ಸಾಲಿನ ಹೊಸ ತಿರುವು, ಸೇರುತ್ತದಲ್ಲ, ಹಾಗೆ. ಆಮೇಲೆ ನಾನು ಪುಸ್ತಕವನ್ನು ಕೇಳಿಸಿಕೊಳ್ಳಲು ಶುರುಮಾಡಿದೆ.

ಈ ಮೂರು ಪುಟ ನೋಡಿ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಬಟ್ಟೆ ಹೊದಿಸಿ ನಿಲ್ಲಿಸಿದ ಕಾರು. ತಿರುವಿದರೆ ಅರಿಜೋನಾದ ರಸ್ತೆ ಬದಿ. ಕಂಬಳಿ ಹೊದಿಸಿದ ಹೆಣ, ಸುಮ್ನೆ ನಿಂತ ನಾಲ್ಕು ಜನ. ಮತ್ತೆ ತಿರುವಿದರೆ ನ್ಯೂ ಮೆಕ್ಸಿಕೋದ ನೆಟ್ಟನೆಯ ರಸ್ತೆ. ಒಂದು ಹೊದಿಕೆಯಿಂದ ಇನ್ನೊಂದು ಹೊದಿಕೆಗೆ ಬರುವಷ್ಟರಲ್ಲಿ ಹೊಟ್ಟೆಯಲ್ಲಿ ತಣ್ಣಗಾಗುತ್ತದೆ, ಅಲ್ವಾ? ಇದನ್ನು ಯಾವ ಒಂದು ಫೋಟೊನೂ ಹೇಳುತ್ತಿಲ್ಲ. ಪುಟ ತಿರುವುವ ನಿಮ್ಮ ಕೈ ಹೇಳುತ್ತಿದೆ. ಸಿನಿಮಾದಲ್ಲಿ ಎರಡು ಶಾಟ್ ಕೂಡಿಸಿದಾಗ ಆಗುವುದೂ ಇದೇ. ಆದರೆ ಅಲ್ಲಿ ವೇಗ ಎಡಿಟರ್ ಕೈಯಲ್ಲಿ, ಇಲ್ಲಿ ನಮ್ಮ ಕೈಯಲ್ಲಿ.

1958ರಲ್ಲಿ ಪ್ಯಾರಿಸ್‌ನಲ್ಲಿ ಬಂದ ಮೊದಲ ಮುದ್ರಣದಲ್ಲಿ ಚಿತ್ರಗಳ ಎದುರು ಬೇರೆಯವರ ಬರಹಗಳಿದ್ದವು. 1959ರ ಅಮೆರಿಕದ ಮುದ್ರಣದಲ್ಲಿ ಅವನ್ನೆಲ್ಲ ತೆಗೆದರು. ಎಡಗಡೆ ಖಾಲಿ, ಚಿಕ್ಕದೊಂದು ಶೀರ್ಷಿಕೆ ಮಾತ್ರ. ಪುಸ್ತಕ ಉಸಿರಾಡತೊಡಗಿದ್ದು ಆಗಲೇ ಅಂತ ನನ್ನ ನಂಬಿಕೆ. ಒಂದು ಚಿತ್ರದಲ್ಲಿ ಜ್ಯೂಕ್‌ಬಾಕ್ಸ್, ಅಂದರೆ ಕಾಸು ಹಾಕಿದರೆ ಹಾಡುವ ಪೆಟ್ಟಿಗೆ. ಅದರ ಪಕ್ಕ ನೆಲದ ಮೇಲೆ ಒಂದು ಮಗು. ಯಾವ ಹಾಡು ಬರುತ್ತಿತ್ತೋ! ಅದು ಕೇಳಿಸಲು ಜಾಗ ಬೇಕಲ್ಲ. ಆ ಜಾಗವೇ ಎಡಪುಟ.

1959 ಅಂದರೆ ನನಗೆ ಇನ್ನೊಬ್ಬರು ನೆನಪಾಗುತ್ತಾರೆ. ನಮ್ಮ ಮೈಸೂರಿನ ವಿ.ಕೆ. ಮೂರ್ತಿ. ಬೆಂಗಳೂರಿನಲ್ಲಿ ಸಿನಿಮಾ ಛಾಯಾಗ್ರಹಣ ಓದಿ ಮುಂಬೈಗೆ ಹೋದವರು. ಪಿಟೀಲೂ ನುಡಿಸುತ್ತಿದ್ದರು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. 1959ರಲ್ಲಿ ಬಂದ ಗುರುದತ್ತರ ಹಿಂದಿ ಸಿನಿಮಾ ‘ಕಾಗಜ್ ಕೆ ಫೂಲ್’ನಲ್ಲಿ ಖಾಲಿ ಸ್ಟುಡಿಯೋದ ಹಾಡೊಂದಿದೆ. ಗೀತಾ ದತ್ ದನಿ, ಎಸ್.ಡಿ. ಬರ್ಮನ್ ಸಂಗೀತ. ಮೂರ್ತಿಯವರು ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ತಿರುಗಿಸಿ ಒಳಗೆ ಬಿಟ್ಟರು. ಮೇಲಿನಿಂದ ನೆಲದವರೆಗೆ ಬೆಳಕಿನ ಒಂದು ಕೋಲು. ಅದರಲ್ಲಿ ದೂಳು ತೇಲುತ್ತದೆ. ಗಂಡು, ಹೆಣ್ಣು ದೂರ ದೂರ ನಿಂತಿದ್ದಾರೆ. ತುಟಿ ಅಲ್ಲಾಡುವುದಿಲ್ಲ, ಹಾಡು ಮಾತ್ರ ಕೇಳುತ್ತದೆ.

ಆ ಹಾಡನ್ನು ಈಗ ಹಾಕುತ್ತೇನೆ. ಪುಸ್ತಕವೂ ನಿಮ್ಮ ಸಾಲಿಗೆ ಬರುತ್ತದೆ. ನಿಧಾನಕ್ಕೆ ತಿರುವಿ, ನೋಡಿ ಪಕ್ಕದವರಿಗೆ ಕೊಡಿ.