ಮೊದಲ ತಾಸು ಹಾಡುವವರು ಯಾರು?

ಎಲ್ಲರಿಗೂ ನಮಸ್ಕಾರ.

ಧಾರವಾಡದಲ್ಲಿ ಕಲ್ಲು ಒಗೆದರೆ ಕವಿಯ ಮನೆ ಮೇಲೆ ಬೀಳುತ್ತದೆ ಅಂತಾರೆ. ಸ್ವಲ್ಪ ಆಚೆ ಬಿದ್ದರೆ ಹಾಡುವವರ ಮನೆ, ಇಲ್ಲವೇ ತಬಲಾ ನುಡಿಸುವವರ ಮನೆ. ಕವಿಯ ಹೆಸರು ನಮಗೆ ಗೊತ್ತು. ಅದೇ ಓಣಿಯ ತಬಲಾಜಿಯ ಹೆಸರು? ಇವತ್ತು ನಾನು ಮಾತಾಡುವುದು ಅಂಥವರನ್ನು ಹುಡುಕಿಕೊಂಡು ಹೋಗಿ ಅವರ ಸಂಗೀತ ಕೇಳುವ ಬಗ್ಗೆ.

ಹಿಂದೂಸ್ತಾನಿ ಸಂಗೀತದ ದೊಡ್ಡ ಹೆಸರುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ, ಎಲ್ಲರೂ ಈ ಸೀಮೆಯವರೇ. ಕುಂದಗೋಳ ಸವಾಯಿ ಗಂಧರ್ವರ ಊರು. ಅವರ ಹತ್ತಿರ ಕಲಿಯಲು ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದರು. ಅಲ್ಲಿನ ನಾಡಗೀರ ವಾಡೆಯಲ್ಲಿ ಸವಾಯಿಯವರ ನೆನಪಿನ ಸಂಗೀತ ನಡೆಯುತ್ತ ಬಂದಿದೆ. ಅದು ಆಡಿಟೋರಿಯಂ ಅಲ್ಲ, ಮನೆ.

ಪಂಡಿತ ವೆಂಕಟೇಶಕುಮಾರರನ್ನೇ ನೋಡಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಹತ್ತಿರ ಕಲಿತವರು. ಧಾರವಾಡದ ಸಂಗೀತ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದವರು. ಪದ್ಮಶ್ರೀ ಬಂದದ್ದು 2016ರಲ್ಲಿ. ಈ ಕಡೆ ಅವರ ವಚನ, ದಾಸರ ಪದ ಕೇಳಿದವರು ಅದಕ್ಕೆ ಎಷ್ಟೋ ಮೊದಲೇ ತಲೆದೂಗಿ ಆಗಿತ್ತು.

ಹಾಗಾದರೆ ಈಗ ಯಾರನ್ನು ಕೇಳಬೇಕು? ನನ್ನ ಉತ್ತರ ಸರಳ. ಆಮಂತ್ರಣದಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದವರನ್ನು. ನಾವು ಮುಖ್ಯ ಗಾಯಕರ ಹೊತ್ತಿಗೆ ಸರಿಯಾಗಿ ಬರುತ್ತೇವೆ, ಅಲ್ವಾ? ಅದಕ್ಕೂ ಮೊದಲಿನ ತಾಸು ಯಾರೋ ಒಬ್ಬ ಶಾಲೆಯ ಸಂಗೀತ ಮಾಸ್ತರು ಖಾಲಿ ಕುರ್ಚಿಗಳಿಗೆ ಪೂರಿಯಾ ರಾಗ ಹಾಡಿ ಹೋಗಿರುತ್ತಾರೆ. ಗುರುಪೂರ್ಣಿಮೆಯ ಕಾರ್ಯಕ್ರಮಗಳು ಇನ್ನೂ ಒಳ್ಳೆಯವು. ಬೆಳಗಿನಿಂದ ಶಿಷ್ಯರು ಸಾಲಾಗಿ ಹಾಡುತ್ತಾರೆ. ಕೆಲವರು ನಡುಗುತ್ತಾರೆ, ಕೆಲವರು ಗುರುಗಳ ನಕಲು ಮಾಡುತ್ತಾರೆ. ಮಧ್ಯೆ ಒಬ್ಬರು ಷಡ್ಜ, ಅಂದರೆ 'ಸ' ಸ್ವರ, ಹಚ್ಚಿದ ಕೂಡಲೇ ಹಿಂದೆ ಹರಟೆ ಹೊಡೆಯುತ್ತಿದ್ದವರೂ ಸುಮ್ಮನಾಗುತ್ತಾರೆ. ಹೆಸರು ಬರೆದಿಟ್ಟುಕೊಳ್ಳಿ.

ಕೂರುವುದು ಮುಂದೆಯೇ ಕೂರಿ, ತಬಲಾದ ಬದಿಗೆ. ವಿಲಂಬಿತ ಏಕತಾಳ ಅಂದರೆ ನಿಧಾನ ಲಯದಲ್ಲಿ ಸುತ್ತಿಗೆ ಹನ್ನೆರಡು ಮಾತ್ರೆ, ಹನ್ನೆರಡು ಎಣಿಕೆ. ಈಗಿನವರು ಎಳೆದು ಹಾಡಿದರೆ ಒಂದು ಸುತ್ತಿಗೇ ಅರ್ಧ ನಿಮಿಷ ದಾಟುತ್ತದೆ. ಅಷ್ಟು ಹೊತ್ತು ತಬಲಾಜಿ ತನ್ನ ಕೈಚಳಕ ತೋರಿಸುವ ಆಸೆ ತಡೆದುಕೊಂಡು ಬರೀ ಠೇಕಾ, ಅಂದರೆ ತಾಳದ ಮೂಲ ಬೋಲು, ಹಿಡಿದಿರಬೇಕು. ಸಮ್, ಅಂದರೆ ಸುತ್ತಿನ ಮೊದಲ ಮಾತ್ರೆ, ಹತ್ತಿರ ಬಂದಾಗ ಗಾಯಕರ ಕಣ್ಣು ಒಮ್ಮೆ ಅವರ ಕಡೆ ಹೋಗುತ್ತದೆ. ಹಾರ್ಮೋನಿಯಂನವರು ಮುಂದೆ ಓಡದೆ ಬೆನ್ನ ಹಿಂದೆಯೇ ಬರುತ್ತಾರೆ. ಗಾಯಕರಿಗೆ ಕೆಮ್ಮು ಬಂದರೆ ಆ ಖಾಲಿ ಜಾಗ ತುಂಬುವವರೂ ಅವರೇ. ಇದೆಲ್ಲ ಹತ್ತಡಿ ದೂರದಿಂದ ಕಾಣುತ್ತದೆ, ದೊಡ್ಡ ಸಭಾಂಗಣದಲ್ಲಿ ಪರದೆ ಮೇಲೆ ಕಾಣುವುದಿಲ್ಲ. ಸಾಥ್ ಕೊಡುವವರಲ್ಲಿ ಎಷ್ಟೋ ಜನ ತಾವೇ ಚೆನ್ನಾಗಿ ಹಾಡುತ್ತಾರೆ ಕೂಡ.

ಆಕಾಶವಾಣಿಯವರು ಕಲಾವಿದರಿಗೆ ಕೊಡುವ ಗ್ರೇಡ್ ನೋಡಿ ಬರುವವರಿದ್ದಾರೆ. ತಪ್ಪೇನಿಲ್ಲ, ಆಡಿಷನ್ ಸುಲಭವಲ್ಲ. ಆದರೆ 'ಬಿ' ಗ್ರೇಡ್ ಅಂತ ಕಂಡ ಕೂಡಲೇ ಚಹಾ ಕುಡಿಯಲು ಏಳಬೇಡಿ.

ಇನ್ನು ದುಡ್ಡಿನ ಮಾತು. ಇದು ಕೆಲವರಿಗೆ ಹಿಡಿಸಲಿಕ್ಕಿಲ್ಲ. 'ಪ್ರವೇಶ ಉಚಿತ' ಅನ್ನುವುದು ನಮ್ಮ ಕಡೆಯ ಹೆಮ್ಮೆ. ಬಡವರೂ ಬಂದು ಕೇಳಬೇಕು, ಒಪ್ಪುತ್ತೇನೆ. ಆದರೆ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆದು ಕಳಿಸಿದರೆ ಪರಊರಿನಿಂದ ಬಂದ ತಬಲಾಜಿಯ ಬಸ್ಸಿನ ಖರ್ಚೂ ಹುಟ್ಟುವುದಿಲ್ಲ. ಅವರ ಮನೆಯಲ್ಲಿ ಶಾಲು ಜಾಸ್ತಿಯೇ ಇರುತ್ತವೆ. ಬಾಗಿಲಲ್ಲಿ ಒಂದು ಡಬ್ಬಿ ಇಡಿ, ಪಕ್ಕದಲ್ಲಿ ಕ್ಯುಆರ್ ಕೋಡ್ ಅಂಟಿಸಿ. ಕೊಡುವವರು ಕೊಡುತ್ತಾರೆ. ಮನೆಯ ಹಾಲ್‌ನಲ್ಲೇ ಸಣ್ಣ ಸಂಗೀತ ಬೈಠಕ್ ಇಟ್ಟುಕೊಂಡರೆ ಇನ್ನೂ ಸುಲಭ. ಜಮಖಾನೆ ಹಾಸಿದರೆ ಮೂವತ್ತು ಜನ ಹಿಡಿಸುತ್ತಾರೆ, ಮೈಕ್ ಬಾಡಿಗೆ ಉಳಿಯುತ್ತದೆ. ಆ ದುಡ್ಡೂ ಕಲಾವಿದರಿಗೇ ಹೋಗಲಿ.

ನನ್ನ ಮಾತು ಇಷ್ಟೇ. ಈಗ ನೀವು ಹೇಳಿ. ನಿಮ್ಮ ಓಣಿಯಲ್ಲಿ ಯಾರು ಚೆನ್ನಾಗಿ ಹಾಡುತ್ತಾರೆ, ಯಾರು ನುಡಿಸುತ್ತಾರೆ? ಪೆನ್ನು ತೆಗೆದಿಟ್ಟುಕೊಂಡಿದ್ದೇನೆ. ಹಿಂದಿನ ಸಾಲಿನವರಿಂದ ಶುರು ಮಾಡೋಣ.